ನೇಪಾಳಕ್ಕೆ ಹೋದ ಓಣಿಯ ಕೌದಿ

ನಮ್ಮೂರು ಈಗ ಇರುವುದು ಫೋನಿನೊಳಗೆ ಎಂದು ನಾನು ಒಂದು ಕಾಲಕ್ಕೆ ಎಲ್ಲರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಹಾಗೆ ಕೊಚ್ಚಿಕೊಂಡ ಬಾಯಿಗೆ ಈಗ ಮಣ್ಣು ಹಾಕಬೇಕು ಅನ್ನಿಸುತ್ತದೆ. ಊರು ಇದ್ದದ್ದು ಗಲಗಲಿಯಿಂದ ಸ್ವಲ್ಪ ಈಚೆಗೆ, ಕೃಷ್ಣಾ ಹೊಳೆಯ ದಂಡೆಗೆ. ಆಲಮಟ್ಟಿಯ ಅಣೆಕಟ್ಟು ಎದ್ದು ಹಿನ್ನೀರು ಏರತೊಡಗಿದಾಗ ಮುಳುಗಡೆಯ ಪಟ್ಟಿಯಲ್ಲಿ ನಮ್ಮ ಹಳ್ಳಿಯೂ ಸೇರಿತು. ಮನೆಗಳನ್ನು ನಮ್ಮ ಕೈಯಾರೆ ಕಿತ್ತೆವು. ಬಾಗಿಲು, ತೊಲೆ, ಜಂತೆ, ಬೀಸುವ ಕಲ್ಲು ಎಲ್ಲವನ್ನೂ ಟ್ರ್ಯಾಕ್ಟರಿಗೆ ಹೇರಿಕೊಂಡು, ಪುನರ್ವಸತಿ ಕೇಂದ್ರ ಎಂಬ ಒಂದು ಗಿಡವೂ ಇಲ್ಲದ ಬಯಲಿಗೆ ಬಂದು ಇಳಿದೆವು. ಹಾಗೆ ಬಂದವರು ಊರಿನ ಅರ್ಧ ಮಂದಿ ಮಾತ್ರ. ಉಳಿದವರು ಮುಧೋಳ, ಜಮಖಂಡಿ, ಬನಹಟ್ಟಿ, ಸೊಲ್ಲಾಪುರ, ಪುಣೆ ಎಂದು ದಿಕ್ಕಿಗೊಬ್ಬರಾದರು. ನಾನು ಆಗಷ್ಟೇ ಕನ್ನಡ ಸಾಲಿಯ ಶಿಕ್ಷಕಿಯಾಗಿದ್ದೆ. ಅಂದಿನಿಂದ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ನನ್ನನ್ನು ಅಕ್ಕೋರು ಎನ್ನುತ್ತಾರೆ.

ಚೆದುರಿದ ಊರನ್ನು ಹದಿನೈದು ವರ್ಷಗಳ ಮೇಲೆ ಮತ್ತೆ ಒಂದು ಕಡೆ ಕೂಡಿಸಿದವನು ನನ್ನ ಗೆಳೆಯ. ಒಂದೇ ಓಣಿಯವರು ನಾವು, ಒಂದೇ ಜಮಖಾನೆಯ ಮೇಲೆ ಕೂತು ಮಗ್ಗಿ ಕಲಿತವರು. ಮುಳುಗಡೆಗೆ ಮುಂಚೆಯೇ ಅವನು ರಬಕವಿಯ ಸೋದರಮಾವನ ಮನೆ ಸೇರಿ, ಮೊದಲು ಕೈಮಗ್ಗದಲ್ಲಿ ಕೂತು, ಆಮೇಲೆ ನಾಲ್ಕು ವಿದ್ಯುತ್ ಮಗ್ಗ ಹಾಕಿ, ಕೊನೆಗೆ ಸೀರೆಯ ಅಂಗಡಿ ಇಟ್ಟ. ಬುದ್ಧಿವಂತ, ಮಾತಿನ ಮಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ. ಅವನೇ ಆನ್‌ಲೈನಿನಲ್ಲಿ ನಮ್ಮೂರ ಹೆಸರಿನ ಗ್ರೂಪ್ ತೆರೆದು, ಒಬ್ಬೊಬ್ಬರನ್ನೇ ಹುಡುಕಿ ಹುಡುಕಿ ಸೇರಿಸಿದ. ನನಗೆ ದೊಡ್ಡ ಫೋನು ಕೊಳ್ಳಲು ಹಚ್ಚಿದವನೂ, ಅದನ್ನು ಹಿಡಿಯುವುದನ್ನು ಕಲಿಸಿದವನೂ ಅವನೇ.

ಆ ಗ್ರೂಪಿನಲ್ಲಿ ನಾವು ಮಾಡದ ಜಗಳವಿಲ್ಲ. ಹನುಮಪ್ಪನ ಗುಡಿಯ ಬೇವಿನ ಗಿಡ ಬಾಗಿಲಿನ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ನಾಲ್ಕು ದಿನ ಕಚ್ಚಾಡಿದೆವು. ಕಡೆಗೆ ಸೊಲ್ಲಾಪುರದಲ್ಲಿದ್ದ ಒಬ್ಬ ಹಿರಿಯರು, ಒಳಗೆ ನಿಂತರೆ ಬಲಕ್ಕೆ, ಹೊರಗೆ ನಿಂತರೆ ಎಡಕ್ಕೆ, ನೀವೆಲ್ಲ ಎಲ್ಲಿ ನಿಂತು ನೋಡುತ್ತಿದ್ದೀರಿ ಹೇಳಿ ಎಂದು ಬರೆದು ಎಲ್ಲರ ಬಾಯಿ ಮುಚ್ಚಿಸಿದರು. ಯಾರದೋ ಮದುವೆಯ ಮಸುಕು ಫೋಟೊದ ಹಿಂದೆ ನಮ್ಮ ಮನೆಯ ಕಟ್ಟೆ ಕಂಡರೆ ಸಾಕು, ನನಗೆ ಅಂದು ಊಟ ಸೇರುತ್ತಿರಲಿಲ್ಲ. ಪುಣೆಯಲ್ಲಿ ಕಾರಖಾನೆಯ ಕೆಲಸದಲ್ಲಿದ್ದ ನಮ್ಮ ಓಣಿಯವನೊಬ್ಬ ಬಹಳ ಚಂದ ಬರೆಯುತ್ತಿದ್ದ. ಅವನು ಬರೆದದ್ದನ್ನು ಓದಿ ಒಲೆಯ ಮೇಲಿನ ರೊಟ್ಟಿ ಸೀಯಿಸಿದ್ದೂ ಉಂಟು.

ನೇಪಾಳದಲ್ಲಿ ನೆಲ ನಡುಗಿದ್ದು ಶಾಲೆಗೆ ಬೇಸಿಗೆ ರಜೆ ಬಿಟ್ಟ ದಿನಗಳಲ್ಲಿ. ಟೀವಿಯಲ್ಲಿ ನೋಡಿದ್ದೇ ನೋಡಿದ್ದು: ಕುಸಿದ ಮನೆಗಳು, ಬಯಲಿನಲ್ಲಿ ಮಲಗಿದ ಮಂದಿ. ಬೇವಿನ ಗಿಡ ಬಿಟ್ಟು ಗ್ರೂಪು ಕಠ್ಮಂಡುವಿಗೆ ಹೊರಳಿತು. ಪುಣೆಯವನು ಬರೆದ: ನಾವು ಮನೆ ಕಿತ್ತೆವು, ಅವರ ಮನೆ ಬಿದ್ದವು, ಬಯಲಲ್ಲಿ ಮಲಗುವುದೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದನ್ನು ಓದಿ ನಾನು ಅತ್ತೆ. ಮುಳುಗಡೆಯ ಮಂದಿ ಎಂದರೆ ಸದಾ ಕೈ ಚಾಚುವವರು ಎಂದು ಸುತ್ತಲಿನ ಊರವರು ಹೀಯಾಳಿಸುತ್ತಿದ್ದರು. ಈಗ ನಾವೂ ಒಬ್ಬರಿಗೆ ಕೊಡಬಹುದು ಎಂಬ ಹಿಗ್ಗು ಎಲ್ಲರಿಗೂ ಹತ್ತಿತು.

ಏನು ಕೊಡುವುದು? ಮುಧೋಳದಲ್ಲಿದ್ದ ಒಬ್ಬಾಕೆ, ಕೌದಿ ಕಳಿಸೋಣ ಎಂದಳು. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಹಚ್ಚಿ, ಕೈಯಿಂದ ಹೊಲಿದ ಕೌದಿ ಇಲ್ಲದ ಮನೆ ನಮ್ಮಲ್ಲಿಲ್ಲ. ಗೆಳೆಯ ಕೂಡಲೇ ವ್ಯವಸ್ಥೆ ಹೇಳಿದ. ಕೌದಿಗಳೆಲ್ಲ ರಬಕವಿಯ ಅವನ ಅಂಗಡಿಗೆ ಬರಬೇಕು. ಮಹಾಲಿಂಗಪುರದಿಂದ ಪುಣೆಗೆ ಬೆಲ್ಲ ಹೊರುವ ಲಾರಿಯಲ್ಲಿ ಹೋಗಬೇಕು. ಪುಣೆಯವನು ಇಳಿಸಿಕೊಂಡು ನೇಪಾಳಕ್ಕೆ ಹೊರಟ ಯಾವುದೋ ತಂಡಕ್ಕೆ ಒಪ್ಪಿಸಬೇಕು. ನಮ್ಮ ಕೇಂದ್ರದಲ್ಲಿ ಕೌದಿ ಕೂಡಿಸುವ ಕೆಲಸ ನನ್ನದಾಯಿತು. ನೀ ಹೇಳಿದರೆ ಹೆಂಗಸರು ಇಲ್ಲ ಅನ್ನುವುದಿಲ್ಲ ಎಂದು ಅವನು ನನ್ನನ್ನು ಏಣಿ ಹತ್ತಿಸಿದ, ನಾನು ಹತ್ತಿದೆ.

ಸುಡು ಬಿಸಿಲಲ್ಲಿ ಮನೆ ಮನೆ ತಿರುಗಿದೆ. ಈ ಉರಿಯಲ್ಲಿ ಕೌದಿ ಯಾರಿಗೆ ಬೇಕು, ಅಕ್ಕೋರಿಗೆ ಬಿಸಿಲು ನೆತ್ತಿಗೇರಿದೆ ಎಂದು ಹೆಂಗಸರು ನಕ್ಕರು. ಅಲ್ಲಿ ಹಿಮದ ಗುಡ್ಡ ಇವೆ ಎಂದು ನಾನು ಬೀದಿಯಲ್ಲೇ ಭೂಗೋಳದ ಪಾಠ ಮಾಡಿದೆ. ನಗುತ್ತಲೇ ಕೊಟ್ಟರು. ಹರಿದದ್ದನ್ನು ಯಾರೂ ಕೊಡಲಿಲ್ಲ. ಕೆಲವರು ಮಗಳ ಬಾಣಂತನಕ್ಕೆಂದು ಎತ್ತಿಟ್ಟದ್ದನ್ನು ತೆಗೆದುಕೊಟ್ಟರು.

ಕೊಡುವಾಗ ಒಂದು ಕೆಲಸ ಮಾಡಿದರು. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಬರಿ ಉಡಿಯಲ್ಲಿ ಕಳಿಸುವುದಿಲ್ಲ, ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕಿಯೇ ಕಳಿಸುತ್ತೇವೆ. ನಮ್ಮ ಓಣಿಯವರು ಕೌದಿಗೂ ಅದೇ ಲೆಕ್ಕ ಇಟ್ಟವರು. ಮನೆ ಬಿಟ್ಟು ಹೋಗುವ ಕೌದಿಯ ಮೂಲೆಯಲ್ಲಿ ಪುಟ್ಟದೊಂದು ಚೀಲ ಹೊಲಿದು, ಹಿಡಿ ಅಕ್ಕಿ, ಬೆಲ್ಲದ ಚೂರು, ಒಂದು ಕೊಬ್ಬರಿ ತುಂಡು ಇಟ್ಟು ಬಾಯಿ ಮುಚ್ಚುತ್ತಾರೆ. ಹಸಿದ ಕೌದಿ ಚಳಿ ತಡೆಯುವುದಿಲ್ಲ ಎನ್ನುತ್ತಿದ್ದಳು ನಮ್ಮವ್ವ. ನಾನು ಹೊಲಿಯುವವರ ಫೋಟೊ ತೆಗೆದು ಗ್ರೂಪಿಗೆ ಹಾಕಿದೆ. ಎಲ್ಲರೂ ಕೈ ಮುಗಿದರು. ಜಮಖಂಡಿ, ಮುಧೋಳ, ಬನಹಟ್ಟಿಯವರೂ ತಮ್ಮ ತಮ್ಮ ಕೌದಿಗಳ ಉಡಿ ತುಂಬತೊಡಗಿದರು. ಮೇ ತಿಂಗಳ ಕಾವಿಗೆ, ಗೋಣಿಯಲ್ಲಿ ಬಿಗಿದ ಬೆಲ್ಲ ಏನಾಗುತ್ತದೆಂದು ಇಷ್ಟು ಮಂದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸಾಲಿಯಲ್ಲಿ ವಿಜ್ಞಾನ ಹೇಳುವ ನನಗೂ ಹೊಳೆಯಲಿಲ್ಲ.

ಆಗ ಪುಣೆಯವನು ಗ್ರೂಪಿನಲ್ಲಿ ಒಂದು ಮಾತು ಎತ್ತಿದ: ಓಣಿಯ ಕೌದಿ ಎಲ್ಲಿದೆ? ಅದೂ ಹೋಗಲಿ, ನಾವೆಲ್ಲರೂ ಹೋದ ಹಾಗಾಗುತ್ತದೆ.

ಓಣಿಯ ಕೌದಿ ಇದ್ದದ್ದು ಆಯಿಯ ಹತ್ತಿರ. ಆಯಿ ನನ್ನ ರಕ್ತಸಂಬಂಧಿಯಲ್ಲ, ಹಳೆಯ ಊರಿನ ನೆರೆಮನೆಯವಳು. ಗಂಡ ಕುರಿ ಕಾಯುತ್ತಿದ್ದ. ಬೀರಪ್ಪನ ಭಂಡಾರ ಹಣೆಗೆ ಹಚ್ಚದೆ ಅವಳು ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ. ಈಗ ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ಕೇಂದ್ರದಲ್ಲಿ ನಮ್ಮ ಹಿಂದಿನ ಸಾಲಿನಲ್ಲಿದ್ದಾಳೆ. ಊರು ಬಿಡುವ ವರ್ಷ ಅವಳು ಓಣಿಯ ಇಪ್ಪತ್ತೊಂದು ಮನೆಗಳಿಂದಲೂ ಒಂದೊಂದು ತುಂಡು ಬಟ್ಟೆ ಕೇಳಿ ಪಡೆದು, ಮನೆಗಳು ಇದ್ದ ಸಾಲಿನಲ್ಲೇ ಹಚ್ಚಿ, ಒಂದು ಕೌದಿ ಹೊಲಿದಿದ್ದಳು. ನಮ್ಮ ಮನೆಯ ಜಾಗದಲ್ಲಿ ನನ್ನ ನೀಲಿ ಲಂಗದ ತುಂಡಿತ್ತು. ಅವಳ ಗಂಡ ತೀರಿದಾಗ ಅವನ ರುಮಾಲಿನ ತುಂಡನ್ನೂ ಅವರ ಮನೆಯ ಜಾಗದ ಮೇಲೆ ಹಚ್ಚಿದಳು. ಆಮೇಲೆ ಅದನ್ನು ಬಿಟ್ಟು ಬೇರೆ ಹೊದ್ದವಳಲ್ಲ.

ಕೇಳಲು ನನಗೆ ಮನಸ್ಸಾಗಲಿಲ್ಲ. ಎರಡು ದಿನ ಸುಮ್ಮನಿದ್ದೆ. ಗ್ರೂಪಿನಲ್ಲಿ ಕೇಳುವವರು ಹೆಚ್ಚಿದರು. ಗೆಳೆಯ ಫೋನು ಮಾಡಿ, ಆಯಿ ನಿನ್ನ ಮಾತು ತೆಗೆದುಹಾಕುವುದಿಲ್ಲ ಎಂದ. ಹೋದೆ. ಟೀವಿಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ, ನಾವು ಬಯಲಿಗೆ ಬಂದಿಳಿದ ಮೊದಲ ರಾತ್ರಿಯನ್ನು ನೆನಪಿಸಿದೆ. ಖರೆ ಹೇಳಬೇಕೆಂದರೆ ಅವಳನ್ನು ಮಾತಿನಲ್ಲಿ ಕಟ್ಟಿಹಾಕಿದೆ. ಅವಳು ಕೌದಿಯನ್ನು ಮೊಣಕಾಲ ಮೇಲೆ ಎಳೆದುಕೊಂಡಳು. ಆಮೇಲೆ ಒಂದೇ ಒಂದು ಕೇಳಿದಳು.

“ಕೊಡ್ತೇನಿ ತಂಗಿ. ಆದ್ರ ಇದನ್ನ ಯಾರ ಹೊಚ್ಚಿಕೋತಾರ, ಅವರ ಮಾರಿ ನನಗ ತೋರಸ್ತಿ ಏನ?”

“ತೋರಸ್ತೇನಿ ಆಯಿ. ನನ್ನ ಮಾತ ಇದು,” ಎಂದೆ.

ಅದರ ಮೂಲೆಯ ಚೀಲವನ್ನು ನಾನೇ ಹೊಲಿದೆ. ಅವಳ ಕಣ್ಣಿಗೆ ಸೂಜಿ ಕಾಣುತ್ತಿರಲಿಲ್ಲ.

ಲಾರಿ ಹೊರಟ ದಿನ ಗ್ರೂಪಿನಲ್ಲಿ ಹಬ್ಬ. ಗೋಣಿಗಳ ಫೋಟೊ, ಲಾರಿಯ ಫೋಟೊ, ಚಾಲಕನ ಕೊರಳಿಗೆ ಹಾಕಿದ ಹಾರದ ಫೋಟೊ. ಆಮೇಲೆ ಎರಡು ವಾರ ಸುದ್ದಿಯಿಲ್ಲ. ನಾನು ಕೇಳಿದಾಗಲೆಲ್ಲ ಗೆಳೆಯ ದಾರಿಯಲ್ಲಿದೆ ಎನ್ನುತ್ತಿದ್ದ. ಕಾರ ಹುಣ್ಣಿಮೆಯ ಮರುದಿನ ಒಂದು ಫೋಟೊ ಬಂತು. ಮುರಿದ ಗೋಡೆಯೊಂದರ ಮುಂದೆ ಸುಕ್ಕುಮುಖದ ಮುದುಕಿ ಕೂತಿದ್ದಾಳೆ. ಮೈ ತುಂಬ ಕೆಂಪು ಕಂದು ಬಣ್ಣದ, ಕೌದಿಯಂಥ ಹೊದಿಕೆ. ಕೆಳಗೆ ಗೆಳೆಯನ ಬರಹ: ನಮ್ಮ ಓಣಿ ನೇಪಾಳ ತಲುಪಿತು. ಗ್ರೂಪಿನವರೆಲ್ಲ ಹೂವು, ಹೃದಯ, ಮುಗಿದ ಕೈಗಳನ್ನು ಸುರಿದರು. ಪುಣೆಯವನು ಉದ್ದಕ್ಕೆ ಬರೆದ. ನಾನು ಮೂರು ಸಲ ಓದಿದೆ.

ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ತುಂಡುಗಳು ಸರಿಯಾಗಿ ಕಾಣಲಿಲ್ಲ. ನನ್ನ ನೀಲಿ ಎಲ್ಲಿ ಎಂದು ಒಂದು ಗಳಿಗೆ ಹುಡುಕಿದೆ. ಮಡಿಕೆಯೊಳಗೆ ಹೋಗಿರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನಾನೇ, ಯಾರೂ ನನ್ನ ಕೈ ಹಿಡಿದು ಅನ್ನಿಸಲಿಲ್ಲ. ಫೋನು ತೆಗೆದುಕೊಂಡು ಆಯಿಯ ಮನೆಗೆ ಓಡಿದೆ.

ಆಯಿ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ಕೌದಿಯ ಬಗ್ಗೆ ಏನೂ ಕೇಳಲಿಲ್ಲ. ಮುಖವನ್ನೇ ನೋಡಿದಳು.

“ಪಾಪ, ನನ್ನ ವಾರಗಿಯಾಕಿನ ಅದಾಳ,” ಎಂದಳು.

ಒಳಗೆ ಹೋಗಿ ಭಂಡಾರ ತಂದು ಆ ಮುದುಕಿಯ ಹಣೆಗೆ, ಎಂದರೆ ನನ್ನ ಫೋನಿನ ಗಾಜಿಗೆ, ಹಚ್ಚಿದಳು. ಅದನ್ನು ಒರೆಸಲು ಮನಸ್ಸು ಬಾರದೆ ನಾನು ಎರಡು ದಿನ ಅರಿಸಿನದೊಳಗಿಂದಲೇ ಎಲ್ಲರ ಫೋಟೊ ನೋಡಿದೆ.

ಅಂದಿನಿಂದ ನಾನು ಸಿಕ್ಕಾಗಲೆಲ್ಲ ಅವಳದು ಅದೇ ಪ್ರಶ್ನೆ, ನನ್ನ ಗೆಳತಿ ಹೇಗಿದ್ದಾಳೆ ಎಂದು. ಮೊದಲ ಸಲ ಆರಾಮ ಇದ್ದಾಳೆ ಎಂದೆ. ಅದರಲ್ಲಿ ತಪ್ಪೇನಿದೆ? ಎರಡನೆಯ ಸಲ, ತಗಡಿನ ಶೆಡ್ಡು ಹಾಕಿಕೊಟ್ಟಿದ್ದಾರಂತೆ ಎಂದೆ. ಟೀವಿಯಲ್ಲಿ ತಗಡಿನ ಶೆಡ್ಡುಗಳನ್ನು ತೋರಿಸಿದ್ದರು. ಮೂರನೆಯ ಸಲ, ಮನೆ ಕಟ್ಟುತ್ತಿದ್ದಾಳೆ, ಮಗ ಜೊತೆಗಿದ್ದಾನೆ ಎಂದುಬಿಟ್ಟೆ. ಆಯಿ ಸೊಸೆಯನ್ನು ಕರೆದು, ಕೇಳಿದೆಯಾ, ಅವಳಿಗೆ ಒಬ್ಬ ಮಗ ಇದ್ದಾನಂತೆ ಎಂದು ಹೇಳಿದಳು. ಮಳೆ ಬಾರದ ದಿನ ಅಲ್ಲಿ ಮಳೆ ಹೇಗೆ ಎಂದು ಕೇಳಿ ಕಳಿಸುತ್ತಿದ್ದಳು. ಸುಳ್ಳು ಹೇಳಬಾರದು ಎಂದು ಮಕ್ಕಳಿಗೆ ದಿನಾ ಪಾಠ ಹೇಳುವ ಬಾಯಿಂದ ಸುದ್ದಿಗಳು ಹೀಗೆ ಸಲೀಸಾಗಿ ಬರುತ್ತಿದ್ದವು. ಅವಳ ಮುಖ ಅರಳುವುದು ನೋಡಲು ನನಗೂ ಹಿತವಾಗಿತ್ತು.

ನಾಗರ ಪಂಚಮಿಯ ಉಂಡಿಗೆ ಬೆಲ್ಲ ತರಲು ಮಹಾಲಿಂಗಪುರಕ್ಕೆ ಹೋದೆ. ಬಸ್ ನಿಲ್ದಾಣದಿಂದ ನೇರ ಬೆಲ್ಲದ ಪೇಟೆಗೆ ನಡೆದು, ನಾನು ಪ್ರತಿ ವರ್ಷ ಕೊಳ್ಳುವ ಅಂಗಡಿಯಲ್ಲಿ ಬಣ್ಣ ಸರಿಯಿಲ್ಲವೆಂದು ಮುಂದಿನದಕ್ಕೆ ಹೊಕ್ಕೆ. ಒಳಗೆ ಬೆಲ್ಲದ ಪೆಂಟೆಗಳನ್ನು ಎದೆಮಟ್ಟ ಒಟ್ಟಿದ್ದರು. ಮಳೆಗಾಲದ ತಂಪು ಹತ್ತಬಾರದೆಂದು ಮೇಲೆ ಏನೇನೋ ಮುಚ್ಚಿದ್ದರು. ಮುಚ್ಚಿದ್ದು ಕೌದಿಗಳು. ಒಂದರ ಮೇಲೆ ಹಮಾಲನೊಬ್ಬ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಅವನ ಕಾಲಿನ ಹತ್ತಿರ ನನ್ನ ನೀಲಿ ಲಂಗ ಕಂಡಿತು.

ಇದು ನೇಪಾಳದಿಂದ ಹೇಗೆ ತಿರುಗಿ ಬಂತು ಎಂದು ಯೋಚಿಸಿದೆ. ಅಷ್ಟು ದಡ್ಡಿಯಾಗಿ ನಂಬಿದ್ದೆ. ಹತ್ತಿರ ಹೋಗಿ ಮೂಲೆ ಮುಟ್ಟಿ ನೋಡಿದೆ. ನಾನು ಹೊಲಿದ ಚೀಲವನ್ನು ಇಲಿ ಕಡಿದು ಹಾಕಿತ್ತು, ಸುತ್ತ ಬೆಲ್ಲ ಕರಗಿ ಇಂಗಿದ ಕಪ್ಪು ಕಲೆ. ಇವು ಎಲ್ಲಿಯವು ಎಂದು ಹಮಾಲನನ್ನು ಕೇಳಿದೆ. ಅವನದೇನು ತಪ್ಪು, ಇದ್ದದ್ದು ಹೇಳಿದ.

“ಕಾರ ಹುಣ್ಣಿವಿ ಮುಂದ ಲಾರಿ ಒಳಗ ತಿರಗಿ ಬಂದಾವ್ರಿ. ಇರವಿ ಹತ್ತ್ಯಾವ, ಹಳೇ ಅರಿವಿ ಅದಾವ ಅಂತ ಪುಣೆದಾಗ ಯಾರೂ ತಗೋಲಿಲ್ಲಂತ. ರಬಕವಿ ಸಾವ್ಕಾರ್ರು, ಏನರ ಮಾಡ್ಕೋರಿ ಅಂದ್ರು. ನಾವು ಬೆಲ್ಲದ ಮ್ಯಾಲ ಹಾಕೇವಿ.”

ರಬಕವಿಯ ಸಾಹುಕಾರ ಎಂದರೆ ನನ್ನ ಗೆಳೆಯ. ಕಾರ ಹುಣ್ಣಿಮೆಗಿಂತ ಮುಂಚೆ ಕೌದಿಗಳು ಬಂದಿದ್ದವು. ಕಾರ ಹುಣ್ಣಿಮೆಯ ಮರುದಿನ ಅವನು ಫೋಟೊ ಹಾಕಿದ್ದ. ಆ ಹಮಾಲನನ್ನು ಎಬ್ಬಿಸಿ ಓಣಿಯ ಕೌದಿಯನ್ನು ಎಳೆದುಕೊಂಡೆ. ಒಂದು ಫೋಟೊ ತೆಗೆದೆ. ಬೆಲ್ಲ ಕೊಳ್ಳುವುದನ್ನು ಮರೆತು, ಅಂಟಂಟಾದ ಕೌದಿಯನ್ನು ಬಗಲಿಗೆ ಹಾಕಿಕೊಂಡು ರಬಕವಿಯ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಾಕೆ ಇರುವೆ ಹತ್ತೀತೆಂದು ಎದ್ದು ಬೇರೆ ಕಡೆ ಹೋದಳು.

ಗೆಳೆಯ ಅಂಗಡಿಯ ಗಾದಿಯ ಮೇಲೆ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದ. ಕೌದಿ ನೋಡಿ ಅವನ ಮುಖದಲ್ಲಿ ಏನಾದರೂ ಬದಲಾದೀತೆಂದು ಕಾದೆ. ಗಿರಾಕಿಗಳನ್ನು ಕಳಿಸಿ, ಚಹಾ ತರಿಸಿ, ಕೂತು ಮಾತಾಡು ಎಂದ. ಅವನು ಒಂದನ್ನೂ ಅಲ್ಲಗಳೆಯಲಿಲ್ಲ. ಪುಣೆಯ ತಂಡದವರು ಗೋಣಿ ಬಿಚ್ಚಿದರೆ ಇರುವೆಗಳ ಗೂಡು, ಹುಳ ಬಿದ್ದ ಅಕ್ಕಿ. ಹೊಸ ಕಂಬಳಿ ಬಿಟ್ಟು ಬೇರೆ ಏನೂ ಬೇಡ ಎಂದರಂತೆ. ನಿಮ್ಮ ಬೆಲ್ಲ, ನಿಮ್ಮ ಉಡಿ ಎಂದು ನನ್ನ ಮೇಲೇ ತಿರುಗಿಸಿದ. ಅದು ನಿಜ. ತಿರುಗಿ ಬಂದವು ಎಂದು ಹೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದೆ. ಹೇಳಿದ್ದರೆ ಮುಳುಗಡೆಯವರ ಹರಕು ಕೌದಿ ನೇಪಾಳಕ್ಕೂ ಬೇಡವಾಯಿತು ಎಂದು ಜಿಲ್ಲೆಯೆಲ್ಲ ನಗುತ್ತಿತ್ತು ಎಂದ. ಫೋಟೊ ಎಲ್ಲಿಯದು ಎಂದು ಕೇಳಿದೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು, ಯಾವ ದೇಶದ್ದೋ, ಯಾವ ವರ್ಷದ್ದೋ ನೋಡಲಿಲ್ಲ ಎಂದ.

“ಮಂದಿ ಖುಷಿ ಆದ್ರು. ಆಯಿನೂ ಖುಷಿ ಆದ್ಲು. ಇದರಾಗ ಯಾರ್ದೇನ ಹೋತು, ಹೇಳ?”

ನನಗೆ ಏಕೆ ಹೇಳಲಿಲ್ಲ ಎಂದೆ. ಅದಕ್ಕೆ ಅವನು ಕೊಟ್ಟ ಉತ್ತರ ಇಂದಿಗೂ ಚುಚ್ಚುತ್ತದೆ. ನಿನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಅದಕ್ಕೇ ನಿನ್ನನ್ನು ಬಿಟ್ಟೆವು ಎಂದ. ಬಿಟ್ಟೆವು ಎಂದರೆ ಯಾರು? ಅವನು ತನ್ನ ಫೋನು ತೆಗೆದು ತೋರಿಸಿದ. ಊರಿನ ಗ್ರೂಪಿನೊಳಗೆ ಇನ್ನೊಂದು ಚಿಕ್ಕ ಗ್ರೂಪಿತ್ತು, ಆರು ಮಂದಿಯದು. ಮುಧೋಳದಾಕೆ ಇದ್ದಳು, ಸೊಲ್ಲಾಪುರದ ಹಿರಿಯರಿದ್ದರು. ಪುಣೆಯವನಂತೂ ಕೌದಿಗಳನ್ನು ಲಾರಿಗೆ ತಿರುಗಿ ಹೇರಿಸಿದವನು. ಫೋಟೊದ ಕೆಳಗೆ ಆ ಉದ್ದನೆಯ ಬರಹ ಬರೆದಾಗ ಅವನಿಗೆ ಎಲ್ಲ ಗೊತ್ತಿತ್ತು. ಅದನ್ನೇ ನಾನು ಮೂರು ಸಲ ಓದಿದ್ದೆ. ಸೀರೆಯ ರಾಶಿಯ ಮಧ್ಯೆ ಕೂತಿದ್ದ ನನಗೆ, ಅವನು ಬರೆದದ್ದನ್ನು ಓದಿ ಸುರಿಸಿದ ಕಣ್ಣೀರಿನ ಬಗ್ಗೆ ನಾಚಿಕೆಯಾಯಿತು. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರಲ್ಲ, ಇಲ್ಲಿ ಮೇದ ಬೇಲಿಗೆ ನಾನೇ ನೀರೆರೆದಿದ್ದೆ.

ಮನೆಗೆ ಬಂದು ಎರಡು ದಿನ ಕೌದಿ ತೊಳೆದೆ. ನೆನೆಸಿದಷ್ಟೂ ಬೆಲ್ಲದ ನೀರು ಬಿಡುತ್ತಿತ್ತು. ಆಮೇಲೆ ಊರಿನ ಗ್ರೂಪಿನಲ್ಲಿ ಎಲ್ಲವನ್ನೂ ಬರೆದೆ: ಕೌದಿಗಳು ಎಲ್ಲಿವೆ, ಫೋಟೊ ಎಂಥದ್ದು, ಯಾರಿಗೆ ಮೊದಲೇ ಗೊತ್ತಿತ್ತು. ಬೆಲ್ಲದ ಮೇಲಿನ ಕೌದಿಗಳ ಚಿತ್ರವನ್ನೂ ಹಾಕಿದೆ. ತಪ್ಪು ಮಾಡಿದವರಲ್ಲಿ ನಾನೂ ಒಬ್ಬಳು, ಉಡಿ ತುಂಬಿಸಿದ್ದು ನಾನು ಎಂದೂ ಸೇರಿಸಿದೆ. ಮಂದಿ ಸಿಡಿದೇಳುತ್ತಾರೆ ಎಂದುಕೊಂಡಿದ್ದೆ. ಸಿಡಿದರು, ನನ್ನ ಮೇಲೆ. ಊರಿನ ಮರ್ಯಾದೆ ಬೀದಿಗೆ ಹಾಕಿದಳು ಎಂದ ಒಬ್ಬ. ಒಳ್ಳೆಯ ಕೆಲಸಕ್ಕೆ ಕಲ್ಲು ಹಾಕುವುದು ಅಕ್ಕೋರ ಹಳೆಯ ಚಟ ಎಂದ ಇನ್ನೊಬ್ಬ. ಹಳೆಯ ಕೌದಿ ಎಲ್ಲಿದ್ದರೇನು, ಭಾವನೆ ಮುಟ್ಟಿತಲ್ಲ ಎಂದಳು, ತನ್ನ ಕೌದಿ ಕೊಡದಿದ್ದ ಒಬ್ಬಾಕೆ. ಸೊಲ್ಲಾಪುರದ ಹಿರಿಯರು, ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಗಾದೆ ಬರೆದು ಪಕ್ಕಕ್ಕೆ ಸರಿದರು. ಉಳಿದವರು ಓದಿದರು, ಏನೂ ಬರೆಯಲಿಲ್ಲ. ನನಗೆ ಹೆಚ್ಚು ಸಿಟ್ಟು ಬಂದದ್ದು ಅವರ ಮೇಲೆ.

ಸಂಜೆಯ ಹೊತ್ತಿಗೆ ಗ್ರೂಪು ತೆರೆಯಲು ಹೋದರೆ ತೆರೆಯಲಿಲ್ಲ. ನನ್ನನ್ನು ತೆಗೆದುಹಾಕಿದ್ದರು. ಕಟ್ಟೆ, ಮದುವೆಯ ಫೋಟೊ, ಬೇವಿನ ಗಿಡ ಎಲ್ಲವೂ ಅವರ ಕಡೆಗೇ ಉಳಿದವು. ಮುಳುಗಡೆಗಾದರೂ ಸರಕಾರ ಮೊದಲು ನೋಟೀಸು ಕೊಟ್ಟಿತ್ತು.

ಇಷ್ಟಾದರೂ ನನ್ನ ಎದೆಯ ಮೇಲೆ ಕೂತಿದ್ದ ಕಲ್ಲು ಅದಲ್ಲ. ಗ್ರೂಪಿನವರ ಅಣ್ಣತಮ್ಮಂದಿರು, ಮಕ್ಕಳು ನಮ್ಮ ಕೇಂದ್ರದಲ್ಲಿದ್ದರು. ಇಂದಲ್ಲ ನಾಳೆ ಯಾರಾದರೂ ಆಯಿಯ ಕಿವಿಗೆ ಹಾಕುವವರೇ. ಅದಕ್ಕೆ ಮೊದಲು ನಾನೇ ಹೇಳಬೇಕಿತ್ತು. ಹೇಳದೇ ಇರುವ ದಾರಿಯೂ ಹೊಳೆಯಿತು, ಸುಳ್ಳೇಕೆ ಹೇಳಲಿ. ಕೌದಿಯನ್ನು ನನ್ನ ಟ್ರಂಕಿನ ತಳದಲ್ಲಿಟ್ಟು, ಅದೆಲ್ಲ ಬೇರೆ ಕೌದಿಗಳ ಸುದ್ದಿ, ನಿನ್ನದು ಮುಟ್ಟಿದೆ ಆಯಿ ಎಂದರೆ ಅವಳು ನಂಬುತ್ತಿದ್ದಳು. ಅವಳಿಗೆ ಅವಳ ಗೆಳತಿ ಉಳಿಯುತ್ತಿದ್ದಳು. ರಬಕವಿಯ ಗಾದಿಯ ಮೇಲೆ ಕೂತವನು ಆಡಿದ ಮಾತೂ ಇದೇ ಎಂದು ತಿಳಿದಾಗ ಎದ್ದು, ಕೌದಿ ಮಡಚಿ, ಅವಳ ಮನೆಗೆ ನಡೆದೆ.

ಆಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನ ಹೆಜ್ಜೆ ಕೇಳಿಯೇ, ಗೆಳತಿಯ ಮನೆ ಎಲ್ಲಿಗೆ ಬಂತು ಎಂದಳು. ನಾನು ಕೌದಿಯನ್ನು ಅವಳ ಮುಂದೆ ಇಟ್ಟೆ. ಅವಳು ಮೊದಲು ನೋಡಲಿಲ್ಲ, ಮುಟ್ಟಿದಳು. ಒಂದೊಂದೇ ಮನೆಯ ಮೇಲೆ ಕೈಯಾಡಿಸುತ್ತ ಹೋಗಿ ಗಂಡನ ರುಮಾಲಿನ ಮೇಲೆ ಕೈ ನಿಲ್ಲಿಸಿದಳು. ನಾನು ಎಲ್ಲವನ್ನೂ ಹೇಳಿದೆ. ಲಾರಿ, ಇರುವೆ, ಬೆಲ್ಲದ ಅಂಗಡಿ, ಸುಳ್ಳು ಫೋಟೊ, ಗೆಳೆಯನ ಹೆಸರು, ಆರು ಮಂದಿಯ ಗ್ರೂಪು. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. ಅವರನ್ನು ಬಯ್ದೆ. ನನಗೆ ಹೇಗೆ ಮೋಸವಾಯಿತೆಂದು ಹೇಳಿಕೊಂಡು ಅತ್ತೆ. ಅವಳು ಸಮಾಧಾನ ಮಾಡಿಯಾಳು ಎಂಬ ಆಸೆ ಎಲ್ಲೋ ಒಳಗಿತ್ತು.

ಅವಳು ಮಾಡಲಿಲ್ಲ. ನಾನು ಸುಮ್ಮನಾಗುವ ತನಕ ಕಾದಳು.

“ಹಂಗಾದ್ರ ಆ ಮುದುಕಿ ಯಾರ?”

ಗೊತ್ತಿಲ್ಲ ಎಂದೆ.

“ಜೀವಂತ ಅದಾಳೋ ಇಲ್ಲೋ?”

ಅದೂ ಗೊತ್ತಿಲ್ಲ ಎಂದೆ.

“ಮತ್ತ ಮನಿ ಕಟ್ಟಾಕತ್ಯಾಳ, ಮಗ ಅದಾನ ಅಂದಿದ್ದಿ.”

ಅವಳ ಸೊಸೆ ಬಾಗಿಲಿಗೆ ಬಂದು ನಿಂತು, ಅತ್ತೆಯ ಮುಖ ನೋಡಿ ಒಳಗೆ ಹೋದಳು. ಆಯಿ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕಡೆ ಸರಿಸಿದಳು. ಇದು ನಿನ್ನದು ಆಯಿ, ತೊಳೆದು ತಂದಿದ್ದೇನೆ ಎಂದೆ. ಕೊಟ್ಟದ್ದನ್ನು ತಿರುಗಿ ತೆಗೆದುಕೊಳ್ಳುವ ಮನೆತನ ನಮ್ಮದಲ್ಲ ಎಂದಳು. ಮೊರ ಎತ್ತಿಕೊಂಡು ಮತ್ತೆ ಜೋಳ ಕೇರತೊಡಗಿದಳು. ನಾನು ಏಳದೆ ಕೂತೇ ಇದ್ದುದನ್ನು ನೋಡಿ, ಕೈ ನಿಲ್ಲಿಸದೆ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು.

“ರಬಕವ್ಯಾಂವ ಸುಳ್ಳ ಹೇಳಿದ್ದು ನಿನಗ, ತಂಗಿ. ನನಗ ಹೇಳಿದಾಕಿ ನೀನ.”